ನಮ್ಮೂರ ಇಗರ್ಜಿ ಶಾಲೆ: ಇಬ್ಬರು ಮಕ್ಕಳನ್ನು ಕಳಿಸಿದ ತಾಯಿಯ ಅನುಭವ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನನ್ನ ಟೈಲರಿಂಗ್ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಯೂನಿಫಾರ್ಮಿಗೆ ಅಳತೆ ಕೊಡಲು ಬಂದ ತಾಯಂದಿರದು ಒಂದೇ ಪ್ರಶ್ನೆ. "ಅಕ್ಕಾ, ನಿಮ್ಮ ಮಕ್ಕಳು ಇಗರ್ಜಿ ಶಾಲೆಯಲ್ಲಿ ಕಲಿತದ್ದಲ್ವಾ? ಹೇಗುಂಟು ಅಲ್ಲಿ? ಇವಳನ್ನು ಹಾಕಬಹುದಾ?" ಕೈಯಲ್ಲಿ ಟೇಪು ಹಿಡಿದುಕೊಂಡು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಹಾಗಾಗಿ ಒಂದು ರಾತ್ರಿ ಮೆಷಿನ್ ಮುಚ್ಚಿಟ್ಟು ಇಷ್ಟನ್ನು ಬರೆಯುತ್ತಿದ್ದೇನೆ.

ಮಗಳು ಅಲ್ಲೇ ಏಳನೇ ತರಗತಿ ಮುಗಿಸಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಮಗನಿಗೆ ಈ ಜೂನ್‌ನಲ್ಲಿ ಆರನೇ ತರಗತಿ. ಶಾಲೆ ಇರುವುದು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ, ಇಗರ್ಜಿಯ ಕಂಪೌಂಡಿಗೆ ತಾಗಿಕೊಂಡು. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಎದುರಿಗೆ ಎರಡು ಮಾವಿನ ಮರ. ಒಂದರಿಂದ ಏಳರವರೆಗೆ, ಕನ್ನಡ ಮಾಧ್ಯಮ, ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ. ಇಗರ್ಜಿಯ ಫಾದರ್ ಶಾಲೆಯ ಸಂಚಾಲಕರು, ಮುಖ್ಯೋಪಾಧ್ಯಾಯಿನಿ ಒಬ್ಬರು ಸಿಸ್ಟರ್. ಬೇರೆಯವರ ಮಕ್ಕಳ ವಿಷಯವೂ ಬರುವುದರಿಂದ ಶಾಲೆಯ ಹೆಸರು ಹಾಕುವುದಿಲ್ಲ. ಇಂಥ ಶಾಲೆಗಳು ನಮ್ಮ ಜಿಲ್ಲೆಯಲ್ಲಿ ಹಲವು ಉಂಟು, ನಿಮ್ಮೂರಲ್ಲೂ ಒಂದು ಇರಬಹುದು. ಇದನ್ನು ಓದಿ ಅದರ ಗೇಟಿನೊಳಗೆ ಒಮ್ಮೆ ಹೋಗಿ ನೋಡಿದರೆ ಸಾಕು.

ನಾವು ಇಗರ್ಜಿಗೆ ಸೇರಿದವರಲ್ಲ. ಮನೆಯಲ್ಲಿ ತುಳು, ದೈವ, ನಾಗ ನಂಬುವವರು. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದ್ದು.

ಮಗಳನ್ನು ಮೊದಲು ಈ ಶಾಲೆಗೆ ಹಾಕಿರಲಿಲ್ಲ. ಎಲ್ಲರ ಹಾಗೆ ನಮಗೂ ಇಂಗ್ಲಿಷ್ ಬೇಕು ಎಂದು ಪೇಟೆಯ ಒಂದು ಶಾಲೆಗೆ ಎಲ್‌ಕೆಜಿ, ಯುಕೆಜಿ ಎರಡು ವರ್ಷ ಕಳಿಸಿದೆವು. ಬೆಳಿಗ್ಗೆ ಏಳು ಕಾಲಿಗೆ ವ್ಯಾನ್. ಅಲ್ಲಿ ತರಗತಿಯಲ್ಲಿ ತುಳು ಮಾತಾಡಿದ ಮಗುವಿನ ಕೊರಳಿಗೆ ಒಂದು ರಟ್ಟಿನ ಬೋರ್ಡು ಹಾಕುತ್ತಿದ್ದರು. ಇನ್ನೊಂದು ಮಗು ತುಳು ಮಾತಾಡುವವರೆಗೆ ಅದು ಇವಳ ಕೊರಳಲ್ಲೇ. ನಮಗೆ ಇದು ಗೊತ್ತಾದದ್ದು ತಡವಾಗಿ. ಗೊತ್ತಾಗುವ ಮೊದಲೇ ಮಗು ಮನೆಯಲ್ಲೂ ಸಣ್ಣ ಸ್ವರದಲ್ಲಿ ಮಾತಾಡಲು ಶುರು ಮಾಡಿತ್ತು. ಒಂದು ಸಂಜೆ ಅವಳು ನನ್ನ ಅಮ್ಮನಿಗೆ ಹೇಳಿದಳು, "ಅಜ್ಜಿ, ನಾಳೆಯಿಂದ ನೀವು ವ್ಯಾನಿನ ಹತ್ತಿರ ಬರಬೇಡಿ. ನಿಮಗೆ ತುಳು ಮಾತ್ರ ಬರುವುದು." ಅಮ್ಮ ಏನೂ ಹೇಳಲಿಲ್ಲ. ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುತ್ತಾ ಕೂತರು. ಆ ರಾತ್ರಿ ನಾನೂ ನನ್ನ ಗಂಡನೂ ತೀರ್ಮಾನ ಮಾಡಿದೆವು.

ಇಗರ್ಜಿ ಶಾಲೆಗೆ ಹೋದ ದಿನ ಮಗಳು ನನ್ನ ಸೆರಗು ಹಿಡಿದುಕೊಂಡು ಹಿಂದೆ ನಿಂತಿದ್ದಳು. ಹೆಡ್ ಸಿಸ್ಟರ್ ಕುರ್ಚಿಯಿಂದ ಎದ್ದು ಬಂದು, ಬಗ್ಗಿ, "ನಿನ್ನ ಪುದರ್ ದಾದ ಬಾಲೆ?" ಎಂದು ಕೇಳಿದರು. ತುಳುವಿನಲ್ಲಿ! ಸಿಸ್ಟರ ಮನೆಮಾತು ಕೊಂಕಣಿ, ತುಳು ಅವರು ಇಲ್ಲಿ ಬಂದು ಕಲಿತದ್ದು. ಮಗಳು ನನ್ನ ಮುಖ ನೋಡಿದಳು, ಉತ್ತರ ಕೊಡಬಹುದಾ ಎಂದು ಕೇಳುವ ಹಾಗೆ. ಆಮೇಲೆ ಹೆಸರು ಹೇಳಿದಳು, ಎರಡು ವರ್ಷದಲ್ಲಿ ನಾನು ಕೇಳಿರದಷ್ಟು ಜೋರಾಗಿ.

ಸಿಸ್ಟರ್ ಓದು ಬರಹದ ಪರೀಕ್ಷೆ ಮಾಡಲಿಲ್ಲ. ನಮ್ಮ ಸಂಬಳ ಎಷ್ಟು, ನೀವೆಷ್ಟು ಕಲಿತಿದ್ದೀರಿ ಎಂದೂ ಕೇಳಲಿಲ್ಲ. ಕೇಳಿದ್ದು ಬೇರೆಯೇ. ಮನೆಯಲ್ಲಿ ಯಾರೆಲ್ಲ ಇದ್ದಾರೆ? ಮಗು ರಾತ್ರಿ ಯಾರ ಪಕ್ಕ ಮಲಗುವುದು? ಓದಲಿಕ್ಕೆ ಎಲ್ಲಿ ಕೂರುವುದು? ಶಾಲೆಗೆ ಬರುವ ದಾರಿಯಲ್ಲಿ ತೋಡು ಉಂಟಾ, ಮಳೆಗಾಲದಲ್ಲಿ ಯಾರು ದಾಟಿಸುವುದು? ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಜೂನ್ ಕಳೆಯುವ ಮೊದಲೇ, ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದನೇ ತರಗತಿಯ ಟೀಚರ್ ಕೊಡೆ ಹಿಡಿದು ನಮ್ಮ ಮನೆಗೆ ಬಂದರು. ಅಮ್ಮ ಬೆಲ್ಲ, ನೀರು ತಂದಿಟ್ಟರು. ಟೀಚರ್ ಜಗಲಿಯಲ್ಲಿ ಕೂತು ಅಮ್ಮನ ಹತ್ತಿರ ಬೀಡಿಯ ಮಜೂರಿ ಎಷ್ಟಾಯ್ತು, ಎಲೆ ಹೇಗೆ ಬರುತ್ತಿದೆ ಎಂದೆಲ್ಲ ಮಾತಾಡಿ, ಹೊರಡುವಾಗ ನನ್ನ ಮೆಷಿನ್ ಇದ್ದ ಮೂಲೆ ನೋಡಿದರು. ಮನೆಯಲ್ಲಿ ಒಳ್ಳೆಯ ಬೆಳಕು ಇದ್ದದ್ದು ಅಲ್ಲಿ ಮಾತ್ರ. "ಇಲ್ಲೇ ಪಕ್ಕದಲ್ಲಿ ಒಂದು ಮಣೆ ಹಾಕಿ. ನೀವು ಹೊಲಿಯಿರಿ, ಅವಳು ಓದಲಿ. ಬೆಳಕು ಒಂದೇ ಸಾಕು" ಅಂದರು. ಏಳು ವರ್ಷ ಆ ಮಣೆ ಅಲ್ಲೇ ಇತ್ತು. ಈಗ ಅದರ ಮೇಲೆ ಮಗ ಕೂರುತ್ತಾನೆ.

ಈ ಮನೆಮನೆಗೆ ಹೋಗುವ ಪದ್ಧತಿ ಎಲ್ಲಿಂದ ಬಂತು ಎಂದು ನಾನು ಕೇಳಿದ್ದುಂಟು. ಹೆಡ್ ಸಿಸ್ಟರ್ ಕಪಾಟಿನಿಂದ ಶಾಲೆಯ ಹಳೆಯ ಸ್ಮರಣ ಸಂಚಿಕೆ ತೆಗೆದುಕೊಟ್ಟರು. ಶಾಲೆ ಶುರುವಾದದ್ದು ಇಗರ್ಜಿಯ ಬದಿಯಲ್ಲಿ ತೆಂಗಿನ ಮಡಲಿನ ಮಾಡಿನ ಒಂದು ಚಾವಡಿಯಲ್ಲಿ. ಅಂದಿನ ಫಾದರ್ ಊರವರನ್ನು ಕೂಡಿಸಿ ಕಟ್ಟಿಸಿದ್ದು. ಮೊದಲಿಗೆ ಬಂದವರು ಹೆಚ್ಚಾಗಿ ಗಂಡುಮಕ್ಕಳು. ಹೆಣ್ಣುಮಕ್ಕಳು ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡು, ದನ ಮೇಯಿಸಿಕೊಂಡು ಇರುತ್ತಿದ್ದರು. ಗಂಡಸು ಮಾಸ್ತರ ಹತ್ತಿರ ಮಗಳನ್ನು ಕಳಿಸಲು ತಾಯಿತಂದೆಗೆ ಮನಸ್ಸಿಲ್ಲ. ಸಿಸ್ಟರ್‌ಗಳು ಊರಿಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಗದ್ದೆಯ ಹುಣಿ ಹಿಡಿದು ಒಂದೊಂದೇ ಮನೆಯ ಅಂಗಳಕ್ಕೆ ಹೋದದ್ದು. ಪಾಠ ಆಮೇಲೆ. ಅಂದರೆ ನನ್ನ ಮನೆಗೆ ಟೀಚರ್ ಕೊಡೆ ಹಿಡಿದು ಬಂದದ್ದು ಹೊಸದಲ್ಲ, ಹೆಣ್ಣುಮಕ್ಕಳು ಈ ಶಾಲೆಗೆ ಬಂದದ್ದೇ ಹಾಗೆ, ಸಿಸ್ಟರ್‌ಗಳು ಮನೆಗಳನ್ನು ಹುಡುಕಿಕೊಂಡು ಹೋಗಿ.

ಆ ಮೇಲೆ ನಾನು ಇದರ ಬಗ್ಗೆ ಕೇಳಿ, ಓದಿ ಸ್ವಲ್ಪ ತಿಳಿದುಕೊಂಡೆ. ನಮ್ಮ ಊರಿಗೆ ಮೊದಲು ಬಂದ ಸಿಸ್ಟರ್‌ಗಳು ಬೆಥನಿ ಸಂಸ್ಥೆಯವರು. ಅದು ಹುಟ್ಟಿದ್ದು ಮಂಗಳೂರಿನ ಬೆಂದೂರಿನಲ್ಲಿ, 1921ರ ಜುಲೈ 16ರಂದು. ಬೆಂದೂರಿನ ಸಂತ ಸೆಬಾಸ್ಟಿಯನ್ ಇಗರ್ಜಿಯ ಧರ್ಮಗುರು ರೇಮಂಡ್ ಮಸ್ಕರೇನ್ಹಸ್ ನಾಲ್ವರು ಯುವತಿಯರನ್ನು ಜೊತೆಗೂಡಿಸಿ ಅದನ್ನು ಶುರು ಮಾಡಿದರು. ಅವರು ಹುಟ್ಟಿದ್ದು 1875ರಲ್ಲಿ ಶಿವಮೊಗ್ಗದಲ್ಲಿ. ಅವರ ಮನಸ್ಸಿನಲ್ಲಿದ್ದದ್ದು ಹಳ್ಳಿಯ ಹೆಣ್ಣುಮಕ್ಕಳು. ಪಟ್ಟಣದಲ್ಲಿ ಆಗಲೇ ಶಾಲೆಗಳಿದ್ದವು. ಹಳ್ಳಿಗೆ ಹೋಗಿ ಇದ್ದು ಕಲಿಸುವ ಹೆಂಗಸರು ಬೇಕಿತ್ತು, ಊರಿನ ಭಾಷೆ, ಊರಿನ ಊಟ, ಊರಿನ ಮಳೆ ಗೊತ್ತಿರುವವರು. ಬೆಥನಿ ಅನ್ನುವುದು ಜೆರುಸಲೇಮಿನ ಹತ್ತಿರದ ಒಂದು ಹಳ್ಳಿಯ ಹೆಸರು. ಅಲ್ಲಿ ಮಾರ್ತಾ, ಮರಿಯಾ ಎಂಬ ಅಕ್ಕತಂಗಿಯರ ಮನೆಗೆ ಯೇಸು ಅತಿಥಿಯಾಗಿ ಬರುತ್ತಿದ್ದರಂತೆ. ಒಬ್ಬಳು ಅಡುಗೆಮನೆಯಲ್ಲಿ ಓಡಾಡುವವಳು, ಒಬ್ಬಳು ಕೂತು ಮಾತು ಕೇಳುವವಳು. ಒಂದು ಮನೆಯ ಕಥೆಯಿಂದ ಹೆಸರು ತೆಗೆದುಕೊಂಡವರು ಮನೆಗಳನ್ನು ಹುಡುಕಿಕೊಂಡು ಹೋದದ್ದು ನನಗೆ ಸರಿಯಾಗಿ ಕಂಡಿತು.

ಅದಕ್ಕೂ ಐವತ್ತು ವರ್ಷ ಮೊದಲು, 1870ರ ನವೆಂಬರಿನಲ್ಲಿ, ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಮೂವರು ಸಿಸ್ಟರ್‌ಗಳು ಸಮುದ್ರ ದಾಟಿ ಮಂಗಳೂರಿಗೆ ಬಂದಿದ್ದರು. ಆ ಸಂಸ್ಥೆಯನ್ನು 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಕಟ್ಟಿದವರು ಮದರ್ ವೆರೋನಿಕಾ. ಆಕೆಯ ಮೊದಲ ಹೆಸರು ಸೋಫಿ ಲೀವ್ಸ್. ಹುಟ್ಟಿದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಆಂಗ್ಲಿಕನ್ ಪಾದ್ರಿಯ ಮಗಳಾಗಿ. ದೊಡ್ಡವಳಾದ ಮೇಲೆ ಕಥೋಲಿಕ ಸಭೆಗೆ ಸೇರಿ, ಸನ್ಯಾಸಿನಿಯಾಗಿ, ಕಲ್ಲಿಕೋಟೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿದವರು. ಮಂಗಳೂರಿನ ಸಂತ ಆನ್ಸ್ ಶಾಲೆ, 1921ರಲ್ಲಿ ಶುರುವಾದ ಸಂತ ಆಗ್ನೆಸ್ ಕಾಲೇಜು ಎಲ್ಲ ಈ ಸಂಸ್ಥೆಯವರದೇ. ಎರಡು ಸಂಸ್ಥೆಗಳೂ ಹುಟ್ಟಿದ್ದು ಜುಲೈ 16ಕ್ಕೆ. ಅದು ಕಾರ್ಮೆಲ್ ಮಾತೆಯ ಹಬ್ಬದ ದಿನ. ನಮಗೆ ಅದು ಆಟಿ ತಿಂಗಳು ಹಿಡಿಯುವ ಹೊತ್ತು. ಹೊರಗೆ ಕಾಲಿಡಲಾಗದ ಮಳೆ, ಮನೆಯಲ್ಲಿ ಅಕ್ಕಿ ಕಡಿಮೆಯಾಗುವ ದಿನಗಳು. ಹಿಂದಿನ ಕಾಲದಲ್ಲಿ ಅಂಥ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಕರೆತರುವುದೆಂದರೆ ಎಂಥ ಕಷ್ಟ ಇದ್ದಿರಬಹುದು ಎಂದು ನನಗೆ ಅನಿಸುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹಲವರು ಬಾಸೆಲ್ ಮಿಷನ್ ಶಾಲೆಗಳನ್ನೂ ಇಗರ್ಜಿ ಶಾಲೆಗಳನ್ನೂ ಒಂದೇ ಎನ್ನುತ್ತಾರೆ. ಹಾಗಲ್ಲ. ಇಗರ್ಜಿ ಶಾಲೆಗಳು ಕಥೋಲಿಕರವು, ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟೆಂಟರು. ಅವರ ಕನ್ನಡದ ಕೆಲಸ, ಅಚ್ಚುಕೂಟ, ಹಂಚಿನ ಕಾರ್ಖಾನೆ ಎಲ್ಲ ಬೇರೆಯೇ ಒಂದು ದೊಡ್ಡ ಕಥೆ.

ಇನ್ನು ಕಲಿಸುವ ವಿಷಯಕ್ಕೆ ಬರುತ್ತೇನೆ. ತಾಯಂದಿರು ಹೆಚ್ಚು ಕೇಳುವುದು ಇದನ್ನೇ.

ಒಂದರಿಂದ ಮೂರರವರೆಗೆ ನಲಿಕಲಿ. ಅದು ಸರ್ಕಾರದ ಪದ್ಧತಿ, ಸರ್ಕಾರಿ ಕನ್ನಡ ಶಾಲೆಗಳಲ್ಲೂ ಉಂಟು. ಮಕ್ಕಳು ನೆಲದಲ್ಲಿ ಗುಂಪಾಗಿ ಕೂತು, ಕಾರ್ಡು ಹಿಡಿದು, ಗೋಡೆಯ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ನೋಡಿಕೊಂಡು ಕಲಿಯುವುದು. ಅಕ್ಷರಗಳು ಅ, ಆ, ಇ, ಈ ಎಂದು ಸಾಲಾಗಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ನನಗೆ ಇದು ಮೊದಲು ಸರಿಬರಲಿಲ್ಲ, ನಾವು ಮರಳಿನಲ್ಲಿ ಅ ಬರೆದು ಶುರು ಮಾಡಿದವರು. ಆದರೆ ಒಂದು ದಿನ ಮಗನನ್ನು ಕರೆದುಕೊಂಡು ಬರಲು ಬೇಗ ಹೋದಾಗ ಕಿಟಕಿಯಿಂದ ನೋಡಿದೆ. ಟೀಚರ್ ಐದು ಅಕ್ಷರದ ಕಾರ್ಡುಗಳನ್ನು ನೆಲದಲ್ಲಿ ಹರಡಿ, "ನಿಮ್ಮ ಮನೆಯಲ್ಲಿರುವ ಒಂದು ವಸ್ತು ಇದರಲ್ಲಿ ಅಡಗಿದೆ, ಹುಡುಕಿ" ಅಂದರು. ಒಬ್ಬಳು ಸರ ಮಾಡಿದಳು. ಒಬ್ಬ ರಸ. ಇನ್ನೊಬ್ಬ ಹುಡುಗ, ಅವನ ಅಪ್ಪ ಮರದ ಕೆಲಸದವರು, ಎಲ್ಲರಿಗಿಂತ ತಡವಾಗಿ, ಒಂದು ಕಾರ್ಡನ್ನು ಎರಡು ಸಲ ಇಟ್ಟುಕೊಂಡು ಗರಗಸ ಮಾಡಿದ. ಶಾಲೆಗೆ ಬಂದು ಎರಡು ವಾರ ಆಗಿತ್ತು ಅಷ್ಟೆ. ಅಪ್ಪನ ಕೈಯ ಹತಾರದ ಹೆಸರನ್ನು ಮಗ ಓದಿದ. ಟೀಚರ್ ಅದನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆದು, ಮರುವಾರ ಅವನ ಅಪ್ಪನನ್ನೇ ಗರಗಸ ಸಮೇತ ಶಾಲೆಗೆ ಕರೆಸಿದರು. ಅವರು ಬಂದು ಮುರಿದ ಬೆಂಚಿನ ಕಾಲು ಸರಿ ಮಾಡಿಕೊಟ್ಟರು, ಮಕ್ಕಳು ಸುತ್ತ ಕೂತು ನೋಡಿದರು.

ಪದ್ಧತಿ ಎಲ್ಲ ಕಡೆ ಒಂದೇ ಇರಬಹುದು. ಮಗುವಿನ ಮನೆ ಗೊತ್ತಿರುವ ಟೀಚರ ಕೈಯಲ್ಲಿ ಅದು ಬೇರೆಯಾಗುತ್ತದೆ. ಅವನ ಅಪ್ಪ ಮರದ ಕೆಲಸದವರು ಎಂದು ಗೊತ್ತಿದ್ದರಿಂದಲೇ ಆ ಪ್ರಶ್ನೆ ಹಾಗೆ ಬಂತು.

ಭಾಷೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡ ಮಾಧ್ಯಮ ಎಂದಾಕ್ಷಣ ಮಾತೃಭಾಷೆಯಲ್ಲಿ ಕಲಿಯುತ್ತಾರೆ ಎಂದು ಘಟ್ಟದ ಮೇಲಿನವರು ತಿಳಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ನನ್ನ ಮಗನ ತರಗತಿಯಲ್ಲಿ ತುಳುವಿನವರು, ಕೊಂಕಣಿಯವರು, ಬ್ಯಾರಿ ಮಕ್ಕಳು, ಮಲಯಾಳ ಮಾತಾಡುವ ರಬ್ಬರ್ ತೋಟದವರ ಇಬ್ಬರು, ಹುಬ್ಬಳ್ಳಿ ಕಡೆಯಿಂದ ಕಲ್ಲಿನ ಕೆಲಸಕ್ಕೆ ಬಂದವರ ಒಬ್ಬಳು ಹುಡುಗಿ. ಮನೆಯಲ್ಲಿ ಕನ್ನಡ ಇರುವುದು ಅವಳೊಬ್ಬಳಿಗೇ. ಆ ಮಕ್ಕಳಿಗೆ ಕನ್ನಡವೇ ಕಲಿಯಬೇಕಾದ ಭಾಷೆ. ಇದನ್ನು ಶಾಲೆ ಅರ್ಥ ಮಾಡಿಕೊಂಡಿದೆ. ಒಂದನೇ ತರಗತಿಯ ಗೋಡೆಯಲ್ಲಿ ಒಂದು ದೊಡ್ಡ ಕಾಗದ ಉಂಟು. ಅದರಲ್ಲಿ ಬೆಕ್ಕಿನ ಚಿತ್ರ. ಕೆಳಗೆ ಬೆಕ್ಕು, ಅದರ ಕೆಳಗೆ ತುಳುವಿನ ಪುಚ್ಚೆ, ಕೊಂಕಣಿಯ ಮಾಜರ್, ಹೀಗೆ ಮಕ್ಕಳೇ ಹೇಳಿದ್ದು, ಎಲ್ಲ ಕನ್ನಡ ಲಿಪಿಯಲ್ಲಿ. ಅನ್ನದ ಚಿತ್ರಕ್ಕೆ ನುಪ್ಪು, ಶಿತ್. ಮಗು ತನ್ನ ಮನೆಯ ಶಬ್ದವನ್ನು ಗೋಡೆಯಲ್ಲಿ ನೋಡುತ್ತದೆ, ಅದರ ಮೇಲೆ ಕಾಲಿಟ್ಟು ಕನ್ನಡಕ್ಕೆ ಹತ್ತುತ್ತದೆ. ನನ್ನ ಮಗಳ ಕೊರಳಿಗೆ ಯಾವ ಭಾಷೆಗೆಂದು ಬೋರ್ಡು ಹಾಕಿದ್ದರೋ ಅದೇ ಭಾಷೆ ಇಲ್ಲಿ ಗೋಡೆಯಲ್ಲಿ ಇತ್ತು. ನಾನು ಆ ಕಾಗದದ ಎದುರು ಬಹಳ ಹೊತ್ತು ನಿಂತೆ.

ಪೋಷಕರ ಸಭೆಯಲ್ಲಿ ಒಬ್ಬರು ಎದ್ದು, ಇಂಗ್ಲಿಷ್ ಮಾಧ್ಯಮ ಮಾಡಿಬಿಡಿ ಸಿಸ್ಟರ್, ಮಕ್ಕಳು ಹೆಚ್ಚು ಬರುತ್ತಾರೆ ಎಂದಾಗ ಹೆಡ್ ಸಿಸ್ಟರ್ ಒಂದು ಹಳೆಯ ಸಂಗತಿ ಹೇಳಿದರು. ಮುನ್ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಎಂಬ ಧರ್ಮಗುರು ಇದ್ದರು. ಆಗ ಓದು ಶುರುವಾಗುತ್ತಿದ್ದದ್ದು ಲ್ಯಾಟಿನ್‌ನಿಂದ. ಕೂಲಿಯವರ, ಕುಶಲಕರ್ಮಿಗಳ ಮಕ್ಕಳು ಅರ್ಥವಾಗದ ಭಾಷೆಯ ಅಕ್ಷರ ಕೂಡಿಸುತ್ತಾ ಒಂದೆರಡು ವರ್ಷ ಕಳೆದು, ಏನೂ ಬಾರದೆ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಡಿ ಲಾ ಸಾಲ್ ಮೊದಲು ಫ್ರೆಂಚ್ ಓದಿಸಿದರು, ಮಕ್ಕಳಿಗೆ ಗೊತ್ತಿರುವ ಭಾಷೆ. ಒಬ್ಬೊಬ್ಬ ಮಗುವನ್ನು ಕರೆದು ಪಾಠ ಒಪ್ಪಿಸಿಕೊಳ್ಳುವುದನ್ನು ಬಿಟ್ಟು, ಒಂದು ಮಟ್ಟದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಿದರು. ಕಲಿಸುವವರಿಗೇ ತರಬೇತಿ ಕೊಡುವ ಏರ್ಪಾಡು ಮಾಡಿದರು. 1950ರಲ್ಲಿ ಪೋಪ್ ಅವರನ್ನು ಶಿಕ್ಷಕರ ಪಾಲಕ ಸಂತ ಎಂದು ಘೋಷಿಸಿದರು. ಸಿಸ್ಟರ್ ಹೇಳಿದ್ದು ಇಷ್ಟೇ. ಪ್ರಶ್ನೆ ಕೇಳಿದವರು ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ನನಗೆ ಮಾತ್ರ ಬಹಳ ದಿನ ಆ ಮಾತು ತಲೆಯಲ್ಲಿ ಉಳಿಯಿತು. ಲ್ಯಾಟಿನ್ ಇದ್ದ ಜಾಗದಲ್ಲಿ ಈಗ ನಮ್ಮಲ್ಲಿ ಇಂಗ್ಲಿಷ್ ಕೂತಿದೆ.

ಧರ್ಮದ ವಿಷಯ. ಇದನ್ನು ಅಂಗಡಿಯಲ್ಲಿ ಯಾರೂ ಜೋರಾಗಿ ಕೇಳುವುದಿಲ್ಲ, ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ. ನಾನು ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಎಲ್ಲರಿಗೂ ಹೊಂದುವ ಒಂದು ಕನ್ನಡ ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ಪೇಪರಿನ ಸುದ್ದಿ. ವಾರದಲ್ಲಿ ಕೆಲವು ಪೀರಿಯಡ್ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದ ಮಕ್ಕಳಿಗೆ ಮೌಲ್ಯ ಶಿಕ್ಷಣ. ಮೌಲ್ಯ ಶಿಕ್ಷಣದಲ್ಲಿ ನನ್ನ ಮಗಳು ಕಲಿತದ್ದು ಜಗಳ ಆದರೆ ಹೇಗೆ ಮಾತಾಡುವುದು, ನೀರು ಹೇಗೆ ಉಳಿಸುವುದು, ಅಂಗವಿಕಲ ಮಗುವಿನ ಜೊತೆ ಆಟ ಹೇಗೆ ಆಡುವುದು ಇಂಥವು. ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವಿಗೆ ಧಾರ್ಮಿಕ ಬೋಧನೆ ಮಾಡುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿಯಲ್ಲಿ ಇದೆ. ಕೇಳುವ ಹಕ್ಕು ನಿಮಗುಂಟು, ಸಂಶಯ ಇದ್ದರೆ ಸೇರಿಸುವಾಗಲೇ ನೇರವಾಗಿ ಕೇಳಿ. ನಾನು ಕೇಳಿದ್ದೆ, ಸಿಸ್ಟರ್ ಬೇಸರಿಸದೆ ವೇಳಾಪಟ್ಟಿಯನ್ನೇ ತೆಗೆದು ತೋರಿಸಿದರು.

ಹಾಗೆಂದು ಹಬ್ಬಗಳಿಗೆ ಬಾಗಿಲು ಮುಚ್ಚಿಲ್ಲ. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯಲ್ಲಿ ಅದರ ಅಕ್ಕಿ ಸೇರಿಸಿ ಹೊಸ ಊಟ, ಆ ದಿನ ಮೀನು ಮಾಂಸ ಇಲ್ಲ. ನಾವು ಹೊಸ ತೆನೆ ತಂದು ಮನೆಯಲ್ಲಿ ಕಟ್ಟಿ, ಪುದ್ವಾರ್ ಊಟ ಮಾಡುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಒಂದು ವರ್ಷ ಟೀಚರ್ ಎರಡನ್ನೂ ಒಂದೇ ಪಾಠ ಮಾಡಿದರು. ಕೊಂಕಣಿ ಮಕ್ಕಳು ತಮ್ಮ ಮನೆಯ ಹೊಸ ಊಟ ಹೇಗೆ ಎಂದು ಹೇಳುವುದು, ತುಳು ಮಕ್ಕಳು ಪುದ್ವಾರ್ ಹೇಗೆ ಎಂದು ಹೇಳುವುದು, ಬ್ಯಾರಿ ಮಕ್ಕಳು ಅವರ ಅಜ್ಜಂದಿರು ಗದ್ದೆ ಮಾಡುತ್ತಿದ್ದಾಗಿನ ಕಥೆ ಕೇಳಿಕೊಂಡು ಬರುವುದು. ಮಗಳು ಒಂಬತ್ತು ದಿನವೂ ನಮ್ಮ ಅಂಗಳದ ಗೋರಟೆ, ದಾಸವಾಳ ಕೊಯ್ದುಕೊಂಡು ಹೋದಳು. ಯಾರೂ ಹೇಳಿರಲಿಲ್ಲ, ಗೆಳತಿಯರ ಜೊತೆ ಅವಳಾಗಿಯೇ ಹೋದದ್ದು. ಹೂ ಕಟ್ಟಿಕೊಟ್ಟವರು ನನ್ನ ಅಮ್ಮ, ಯಾವ ಅಜ್ಜಿ ವ್ಯಾನಿನ ಹತ್ತಿರ ಬರಬಾರದಿತ್ತೋ ಅವರೇ.

ಮಗನ ಒಂದು ಸಂಗತಿ ಹೇಳದೆ ಇರಲಾರೆ. ಮೂರನೇ ತರಗತಿಯಲ್ಲಿ ಅವನು ಪಕ್ಕದ ಹುಡುಗನ ಬಣ್ಣದ ಪೆನ್ಸಿಲ್ ಡಬ್ಬಿ ತೆಗೆದುಕೊಂಡಿದ್ದ. ದುಬೈಯಿಂದ ಮಾವ ತಂದದ್ದಂತೆ, ಮೂವತ್ತಾರು ಬಣ್ಣ. ಟೀಚರಿಗೆ ಗೊತ್ತಾಯಿತು. ಬೈಯಲಿಲ್ಲ, ಹೊಡೆಯಲಿಲ್ಲ, ಬೇರೆ ಮಕ್ಕಳ ಎದುರು ಹೆಸರು ಎತ್ತಲೂ ಇಲ್ಲ. ಶಾಲೆ ಬಿಟ್ಟ ಮೇಲೆ ಅವನೊಬ್ಬನನ್ನೇ ಕೂರಿಸಿ ಮಾತಾಡಿ, ಡಬ್ಬಿಯನ್ನು ಅವನ ಕೈಯಿಂದಲೇ ಆ ಹುಡುಗನಿಗೆ ವಾಪಸ್ ಕೊಡಿಸಿ, ಮರುದಿನದಿಂದ ಇಬ್ಬರಿಗೂ ಸೇರಿ ಶಾಲೆಯ ನಕ್ಷೆ ಬರೆಯುವ ಕೆಲಸ ಕೊಟ್ಟರು. ಬಣ್ಣ ಅವನದು, ಗೆರೆ ಇವನದು. ಎಲ್ಲ ಮುಗಿದು ನಕ್ಷೆ ಗೋಡೆಗೆ ಏರಿದ ಮೇಲೆ ಟೀಚರ್ ನನ್ನ ಅಂಗಡಿಗೆ ಬಂದು ವಿಷಯ ಹೇಳಿದರು. "ನಿಮಗೆ ಗೊತ್ತಿರಲಿ ಅಂತ ಹೇಳಿದ್ದು. ಮನೆಯಲ್ಲಿ ಪುನಃ ಎತ್ತಬೇಡಿ, ಅದು ಮುಗಿದದ್ದು." ನಾನು ಎತ್ತಲಿಲ್ಲ. ಆ ಹುಡುಗ ಇವತ್ತೂ ಭಾನುವಾರ ನಮ್ಮ ಮನೆಗೆ ಕ್ರಿಕೆಟ್ ಬ್ಯಾಟು ಹಿಡಿದುಕೊಂಡು ಬರುತ್ತಾನೆ.

ಶಾಲೆಯ ತೊಂದರೆಗಳನ್ನೂ ಹೇಳಬೇಕು, ಇಲ್ಲದಿದ್ದರೆ ಇದನ್ನು ನಂಬಿ ಸೇರಿಸಿದವರಿಗೆ ಮೋಸ ಮಾಡಿದ ಹಾಗೆ.

ಟೀಚರ್‌ಗಳು ಸಾಲುವುದಿಲ್ಲ. ಅನುದಾನಿತ ಹುದ್ದೆಯವರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದಾರೆ, ಆ ಜಾಗಗಳು ತುಂಬಿಲ್ಲ. ಈಗ ಸರ್ಕಾರದ ಸಂಬಳ ಪಡೆಯುವವರು ಮೂವರು ಮಾತ್ರ. ಉಳಿದವರು ಗೌರವ ಶಿಕ್ಷಕಿಯರು. ಆಡಳಿತ ಮಂಡಳಿ ಮತ್ತು ಹಳೆ ವಿದ್ಯಾರ್ಥಿಗಳು ಸೇರಿಸಿ ಕೊಡುವ ಸಣ್ಣ ಸಂಬಳದಲ್ಲಿ ಅವರು ದುಡಿಯುತ್ತಾರೆ. ಬೇರೆ ಕಡೆ ಕೆಲಸ ಸಿಕ್ಕರೆ ವರ್ಷದ ನಡುವೆಯೇ ಹೋಗಬೇಕಾಗುತ್ತದೆ, ಅವರನ್ನು ದೂರುವ ಹಾಗಿಲ್ಲ. ಆದರೆ ಮಗನಿಗೆ ನಾಲ್ಕನೇ ತರಗತಿಯಲ್ಲಿ ಗಣಿತಕ್ಕೆ ಮೂವರು ಟೀಚರ್ ಬದಲಾದರು, ಭಾಗಾಕಾರ ಇನ್ನೂ ಗಟ್ಟಿಯಾಗಿಲ್ಲ. ಕೆಲವು ವಿಷಯಕ್ಕೆ ನಾಲ್ಕು ಮತ್ತು ಐದನೇ ತರಗತಿಯನ್ನು ಒಟ್ಟಿಗೆ ಕೂರಿಸುತ್ತಾರೆ.

ಇಂಗ್ಲಿಷ್ ಒಂದನೇ ತರಗತಿಯಿಂದ ಒಂದು ವಿಷಯವಾಗಿ ಉಂಟು. ಓದಲು, ಬರೆಯಲು ಬರುತ್ತದೆ. ಬಾಯಿಬಿಟ್ಟು ಮಾತಾಡಲು ಬರುವುದಿಲ್ಲ. ಮಗಳು ಎಂಟನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ ಮೊದಲ ಮೂರು ತಿಂಗಳು ರಾತ್ರಿ ಅಳುತ್ತಿದ್ದಳು. ವಿಜ್ಞಾನದ ಪುಸ್ತಕದಲ್ಲಿ ಪ್ರತಿ ಸಾಲಿಗೂ ಡಿಕ್ಷನರಿ. ಒಂದು ದಿನ ಮಣೆಯ ಮೇಲೆ ಕೂತವಳು ಥಟ್ಟನೆ ತಲೆಯೆತ್ತಿ, "ಅಮ್ಮಾ, ಫೋಟೋಸಿಂಥೆಸಿಸ್ ಅಂದರೆ ದ್ಯುತಿಸಂಶ್ಲೇಷಣೆ! ಇದು ನನಗೆ ಪೂರ್ತಿ ಗೊತ್ತುಂಟು" ಅಂದಳು. ಶಾಲೆಯ ತರಕಾರಿ ತೋಟದಲ್ಲಿ ಬಸಳೆಯ ಒಂದು ಎಲೆಗೆ ಕಪ್ಪು ಕಾಗದ ಸುತ್ತಿಟ್ಟು ವಾರ ಕಳೆದು ಬಿಚ್ಚಿ ನೋಡಿದ್ದನ್ನು ನನಗೆ ವಿವರಿಸಿದಳು. ಅದರ ನಂತರ ಅವಳು ಹೊಸ ಹೆಸರುಗಳನ್ನು ಹಳೆಯ ವಿಷಯಕ್ಕೆ ಅಂಟಿಸುತ್ತಾ ಹೋದಳು. ಆದರೂ ಆ ಮೂರು ತಿಂಗಳ ಕಷ್ಟ ನಿಜ. ಏಳನೇ ತರಗತಿಯ ಕೊನೆಯ ಎರಡು ತಿಂಗಳಾದರೂ ಇಂಗ್ಲಿಷ್ ಪಾರಿಭಾಷಿಕ ಶಬ್ದಗಳನ್ನು ಪರಿಚಯಿಸಿ ಎಂದು ನಾನು ಸಭೆಯಲ್ಲಿ ಹೇಳಿದ್ದೇನೆ, ಈ ವರ್ಷದಿಂದ ಮಾಡುತ್ತೇವೆ ಎಂದಿದ್ದಾರೆ.

ಶಾಲೆಗೆ ವ್ಯಾನ್ ಇಲ್ಲ. ದೂರದವರು ರಿಕ್ಷಾ ಮಾಡಿಕೊಳ್ಳಬೇಕು. ಕಂಪ್ಯೂಟರ್ ಇರುವುದು ನಾಲ್ಕು, ಅದರಲ್ಲಿ ಕೆಲಸ ಮಾಡುವುದು ಎರಡು. ಜೋರು ಮಳೆ ಬಂದರೆ ಹಂಚಿನ ಮಾಡಿನ ಸದ್ದಿಗೆ ಟೀಚರ ಸ್ವರ ಕೇಳುವುದಿಲ್ಲ. ಆ ಹೊತ್ತು ಮಕ್ಕಳು ಬರೆಯುತ್ತಾರೆ, ಇಲ್ಲವೇ ಚಿತ್ರ ಮಾಡುತ್ತಾರೆ.

ಖರ್ಚು ಎಷ್ಟು ಎಂದು ಕೇಳುವವರಿಗೆ: ಬೋಧನಾ ಶುಲ್ಕ ಇಲ್ಲ. ಪಠ್ಯಪುಸ್ತಕ, ಬಿಸಿಯೂಟ, ಹಾಲು ಸರ್ಕಾರದ್ದು. ಅಡುಗೆಯವರು ಊರವರೇ, ಸಾಂಬಾರಿಗೆ ಶಾಲೆಯ ತೋಟದ ಬಸಳೆ, ಅಲಸಂಡೆ, ಬೆಂಡೆ ಬೀಳುತ್ತದೆ. ಗೌರವ ಶಿಕ್ಷಕಿಯರ ಸಂಬಳಕ್ಕೆ ಪೋಷಕರಿಂದ ಕೈಲಾದಷ್ಟು ಕೇಳುತ್ತಾರೆ. ಕೊಡಲಾಗದವರನ್ನು ಪುನಃ ಕೇಳಿದ್ದನ್ನು ನಾನು ಕಂಡಿಲ್ಲ. ಸೇರಿಸಲು ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ಆಧಾರ್ ತೆಗೆದುಕೊಂಡು ಹೋಗಿ. ಮಗುವನ್ನೂ ಕರೆದುಕೊಂಡು ಹೋಗಿ, ಸಿಸ್ಟರ್ ಮೊದಲು ಮಾತಾಡುವುದು ಮಗುವಿನ ಹತ್ತಿರವೇ.

ಕೊನೆಗೆ ನನ್ನ ಕೆಲಸಕ್ಕೆ ಸಂಬಂಧಿಸಿದ್ದು. ಹನ್ನೊಂದು ವರ್ಷದಿಂದ ಈ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ. ಮೊದಲ ವರ್ಷ ಹೆಡ್ ಸಿಸ್ಟರ್ ಅಂಗಡಿಗೆ ಬಂದು ಎರಡು ಮಾತು ಹೇಳಿದರು. ಒಂದು, ಅಂಚಿನ ಮಡಿಕೆ ಮೂರು ಇಂಚು ಬಿಡಿ, ಮಗು ಎತ್ತರವಾದಾಗ ಬಿಚ್ಚಿ ಇಳಿಸಬಹುದು, ಎರಡು ವರ್ಷ ಬರುತ್ತದೆ. ಎರಡು, ಕೆಲವು ಮಕ್ಕಳ ಅಳತೆ ನಾವೇ ತರುತ್ತೇವೆ, ದುಡ್ಡೂ ನಾವೇ ಕೊಡುತ್ತೇವೆ, ಆದರೆ ಬಟ್ಟೆ, ಗುಂಡಿ, ಹೊಲಿಗೆ ಎಲ್ಲ ಉಳಿದವರದ್ದೇ ಆಗಿರಬೇಕು, ಒಂದು ನೂಲೂ ವ್ಯತ್ಯಾಸ ಆಗಬಾರದು. ಯಾರ ಯೂನಿಫಾರ್ಮಿಗೆ ಯಾರು ದುಡ್ಡು ಕೊಟ್ಟರು ಎಂದು ಅಂಗಡಿಯ ಹೊರಗೆ ಗೊತ್ತಾಗಬಾರದು. ಇವತ್ತಿನವರೆಗೂ ಗೊತ್ತಾಗಿಲ್ಲ.

ಈ ವರ್ಷ ಒಂದನೇ ತರಗತಿಗೆ ಇದುವರೆಗೆ ಹದಿನಾಲ್ಕು ಅಳತೆ ಬಂದಿದೆ. ಕಳೆದ ವರ್ಷ ಈ ಹೊತ್ತಿಗೆ ಒಂಬತ್ತು ಇತ್ತು. ಹದಿನೈದನೆಯದನ್ನು ನಿನ್ನೆ ಟೀಚರ್ ಚೀಟಿಯಲ್ಲಿ ಬರೆದು ತಂದರು. ಕಲ್ಲು ಕೋರೆಯ ಶೆಡ್ಡಿನಲ್ಲಿರುವ ಒಂದು ಮನೆಗೆ ಹೋಗಿ, ಟೇಪು ಇಲ್ಲದೆ ದಾರದಲ್ಲಿ ಅಳೆದು ಗಂಟು ಹಾಕಿಕೊಂಡು ಬಂದಿದ್ದರು. ಒಂದು ಗಂಟು ಎದೆಗೆ, ಒಂದು ಉದ್ದಕ್ಕೆ, ಒಂದು ತೋಳಿಗೆ. ಆ ದಾರ ಈಗ ಮೆಷಿನಿನ ಮೇಲೆ ಉಂಟು, ನಾಳೆ ಬೆಳಿಗ್ಗೆ ಮೊದಲು ಕತ್ತರಿಸುವುದು ಅದನ್ನೇ.